ಮೋಟಾರ್ ಶುರು: ಹೆಸರು ಹೇಳಿ ಫಂಕ್ಷನ್ ಕರೆಯುವ ಪಂಪಿನ ಡಬ್ಬ ರಿಪೇರಿ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇದೆ. ಒಳಗೆ ರಾಸ್ಪ್‌ಬೆರಿ ಪೈ ಝೀರೋ ಅನ್ನುವ ಪುಟ್ಟ ಕಂಪ್ಯೂಟರ್, ಎಸ್ಸೆಮ್ಮೆಸ್ ಹಿಡಿಯುವ ಸಿಮ್800ಎಲ್ ಅನ್ನುವ ಮಾಡೆಮ್, ಎರಡು ರಿಲೇ (ಕಂಪ್ಯೂಟರ್ ಹೇಳಿದಾಗ ಮುಚ್ಚಿ ತೆರೆಯುವ ಸ್ವಿಚ್). ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಮೋಟಾರ್ ಶುರುವಾಗುತ್ತದೆ, ಇನ್ನೊಂದು ಕಳಿಸಿದರೆ ನಿಲ್ಲುತ್ತದೆ. ತೋಟದಲ್ಲಿ ಇಂಟರ್ನೆಟ್ ಸಿಗಲ್ಲ. ಎಸ್ಸೆಮ್ಮೆಸ್ಸಿಗಾದರೆ ಒಂದು ಕಡ್ಡಿ ಸಿಗ್ನಲ್ ಸಾಕು. ಹಾಗಾಗಿ ಈ ದಾರಿ.

ಡಬ್ಬ ಕಟ್ಟಿದ್ದು ದೊಡ್ಡಪ್ಪನ ಮಗ. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ಡಬ್ಬ ನನ್ನ ಪಾಲಿಗೆ ಬಂತು. ಕೆಳಗಿನ ತೋಟಕ್ಕೆ ಒಂದು ವಾಲ್ವ್ ಸೇರಿಸಬೇಕಿತ್ತು. ಪ್ರೋಗ್ರಾಂ ತೆಗೆದು ನೋಡಿದೆ. ಸೇರಿಸುವ ಮೊದಲು ಇದನ್ನು ರಿಪೇರಿ ಮಾಡಬೇಕು ಅನ್ನಿಸಿತು.

ವೈರಿಂಗ್ ಬಗ್ಗೆ ತಕರಾರಿಲ್ಲ. ಚೆನ್ನಾಗಿಯೇ ಮಾಡಿದ್ದಾನೆ. ಸ್ಟಾರ್ಟರಿನ ಹಸಿರು ಬಟನ್ನಿಗೆ ಒಂದು ರಿಲೇ ಪ್ಯಾರಲಲ್ ಆಗಿ ಕೂತಿದೆ. ಅದು ಒಂದು ಸೆಕೆಂಡ್ ಮುಚ್ಚಿ ತೆರೆದರೆ ಬಟನ್ ಒತ್ತಿದ ಹಾಗೆ. ಎರಡನೇ ರಿಲೇ ಕೆಂಪು ಬಟನ್ನಿನ ಜೊತೆ ಸೀರೀಸಿನಲ್ಲಿದೆ. ಪೈ ಸತ್ತುಹೋದರೂ ಕೈಯಲ್ಲಿ ಬಟನ್ ಒತ್ತಿ ಕೆಲಸ ನಡೆಸಬಹುದು. ಕರೆಂಟ್ ಹೋದರೆ ಸ್ಟಾರ್ಟರಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಬಂದಾಗ ಮೋಟಾರ್ ತಾನಾಗಿ ಶುರುವಾಗಲ್ಲ. ಇದನ್ನೆಲ್ಲ ನಾನು ಮುಟ್ಟಲಿಲ್ಲ.

ತೊಂದರೆ ಇದ್ದಿದ್ದು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಫೈಲಿನಲ್ಲಿ. ಬಂದ ಮೆಸೇಜು "ಮೋಟಾರ್ ಶುರು" ಆದರೆ ಇದು ಮಾಡು, "ಮೋಟಾರ್ ನಿಲ್ಲಿಸು" ಆದರೆ ಅದು ಮಾಡು, ಇನ್ನೊಂದಾದರೆ ಮತ್ತೊಂದು. ಇಫ್, ಎಲಿಫ್, ಎಲಿಫ್ ಅಂತ ಪುಟಗಟ್ಟಲೆ. ಅದೇ ಪಟ್ಟಿ ಸಹಾಯದ ಮೆಸೇಜಿನಲ್ಲಿ ಇನ್ನೊಂದು ಸಲ. ಯಾರು ಯಾವ ಆಜ್ಞೆ ಕೊಡಬಹುದು ಅನ್ನುವ ಕಡೆ ಮಗದೊಮ್ಮೆ. ಹೊಸ ಆಜ್ಞೆ ಬೇಕಾದರೆ ಮೂರು ಕಡೆ ತಿದ್ದಬೇಕು. ಆಗಲೇ ಮೂರೂ ಕಡೆ ಬೇರೆ ಬೇರೆ ಆಗಿತ್ತು. ಸಹಾಯದಲ್ಲಿ "ನೀರು ಎಷ್ಟು" ಅಂತ ಇದೆ, ಕಳಿಸಿದರೆ ಉತ್ತರವೇ ಇಲ್ಲ.

ನಾನು ಅಂದುಕೊಂಡಿದ್ದು ಇಷ್ಟು. ಮೆಸೇಜಿನಲ್ಲಿರುವ ಹೆಸರಿನಿಂದಲೇ ಫಂಕ್ಷನ್ (ಒಂದು ಕೆಲಸಕ್ಕೆ ಹೆಸರಿಟ್ಟು ಬರೆದ ಕೋಡು) ಹುಡುಕಬೇಕು, ಸಿಕ್ಕಿದರೆ ಕರೆಯಬೇಕು, ಅಂದರೆ ಓಡಿಸಬೇಕು. ಪೈಥಾನಿನಲ್ಲಿ ಫಂಕ್ಷನ್ ಕೂಡ ಒಂದು ವಸ್ತು. ಅದನ್ನು ಲಿಸ್ಟಿನಲ್ಲಿ ಇಡಬಹುದು, ಹೆಸರು ಕೊಟ್ಟರೆ ವಸ್ತು ಕೊಡುವ ಡಿಕ್ಷನರಿಯಲ್ಲಿ ಇಡಬಹುದು, ಆಮೇಲೆ ತೆಗೆದು ಪಕ್ಕದಲ್ಲಿ ಆವರಣ ಹಾಕಿದರೆ ಓಡುತ್ತದೆ. ಹೆಸರಿನಿಂದ ಫಂಕ್ಷನ್ ತಲುಪುವುದಕ್ಕೂ ಒಂದಕ್ಕಿಂತ ಹೆಚ್ಚು ದಾರಿ ಇವೆ.

ಮೊದಲನೆಯದು ಇವ್ಯಾಲ್. ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಕೊಟ್ಟರೆ ಅದನ್ನು ಪ್ರೋಗ್ರಾಂ ಅಂತಲೇ ಓದಿ ನಡೆಸುತ್ತದೆ. ಸಿಮ್ ನಂಬರ್ ಗೊತ್ತಿರುವ ಯಾರು ಬೇಕಾದರೂ ಏನು ಬೇಕಾದರೂ ಬರೆದು ಕಳಿಸಬಹುದು, ಪೈ ಅದನ್ನು ಮಾಡುತ್ತದೆ. ಹೊರಗಿನಿಂದ ಬಂದ ಮೆಸೇಜಿಗೆ ಇವ್ಯಾಲ್ ಬೇಡವೇ ಬೇಡ. ಇದರ ಬಗ್ಗೆ ಜಾಸ್ತಿ ಮಾತಿಲ್ಲ.

ಎರಡನೆಯದು ಗ್ಲೋಬಲ್ಸ್. ಆ ಫೈಲಿನಲ್ಲಿರುವ ಎಲ್ಲ ಹೆಸರುಗಳ ಡಿಕ್ಷನರಿ ಕೊಡುತ್ತದೆ. ಬೇಕಾದ ಹೆಸರು ತೆಗೆದುಕೊಂಡು ಕರೆಯಬಹುದು. ಆದರೆ ಅದರಲ್ಲಿ ನಮ್ಮ ಆಜ್ಞೆಗಳ ಜೊತೆ ಇಂಪೋರ್ಟ್ ಮಾಡಿದ ಮಾಡ್ಯೂಲುಗಳೂ (ಹೊರಗಿನಿಂದ ತರಿಸಿಕೊಂಡ ಕೋಡಿನ ಕಟ್ಟುಗಳು) ಇರುತ್ತವೆ. ರಿಲೇ ಪಿನ್ನನ್ನು ನೇರ ಮುಟ್ಟುವ ಒಳಗಿನ ಫಂಕ್ಷನ್ನುಗಳೂ ಇರುತ್ತವೆ. ಹೊರಗಿನವರಿಗೆ ಅಷ್ಟೆಲ್ಲ ತೆರೆದಿಡುವುದು ಯಾಕೆ?

ಮೂರನೆಯದು ಗೆಟ್‌ಆಟರ್. ಒಂದು ಕ್ಲಾಸ್ (ಫಂಕ್ಷನ್ನುಗಳ ಕಟ್ಟು) ಮಾಡಿ, ಆಜ್ಞೆಗಳನ್ನೆಲ್ಲ ಅದರ ಮೆಥಡ್ಡುಗಳಾಗಿ, ಅಂದರೆ ಅದರೊಳಗಿನ ಫಂಕ್ಷನ್ನುಗಳಾಗಿ ಬರೆದು, ಪ್ರತಿಯೊಂದರ ಹೆಸರಿನ ಶುರುವಿಗೆ ಒಂದೇ ಗುರುತು ಹಾಕುವುದು. ಮೆಸೇಜಿನ ಪದಕ್ಕೆ ಆ ಗುರುತು ಅಂಟಿಸಿ ಹುಡುಕುವುದು. ಗುರುತಿಲ್ಲದ ಮೆಥಡ್ಡುಗಳು ಹೊರಗಿನವರ ಕೈಗೆ ಸಿಗಲ್ಲ. ಪೈಥಾನಿನ ಜೊತೆಗೇ ಬರುವ ಲೈಬ್ರರಿಗಳು ಈ ಉಪಾಯ ಧಾರಾಳವಾಗಿ ಬಳಸುತ್ತವೆ. ವೆಬ್ ಸರ್ವರ್ ಮಾಡ್ಯೂಲಿನಲ್ಲಿ ಗೆಟ್ ಕೋರಿಕೆ ಬಂದರೆ "ಡೂ_ಗೆಟ್" ಅನ್ನುವ ಮೆಥಡ್ ಹುಡುಕುತ್ತದೆ. ಯೂನಿಟ್‌ಟೆಸ್ಟ್ "ಟೆಸ್ಟ್" ಅಂತ ಶುರುವಾಗುವ ಮೆಥಡ್ಡುಗಳನ್ನು ತಾನೇ ಆರಿಸಿ ಓಡಿಸುತ್ತದೆ.

ಆಜ್ಞೆಗಳ ಸಾಲು ಓದುವುದಕ್ಕೆಂದೇ ಪೈಥಾನಿನಲ್ಲಿ ಸಿಎಂಡಿ ಅಂತ ಮಾಡ್ಯೂಲ್ ಇದೆ. ಅದನ್ನೇ ಹಾಕಿದರೆ ಕೆಲಸ ಮುಗಿಯಿತಲ್ವಾ ಅಂತ ನೋಡಿದೆ. ಆಜ್ಞೆಯ ಹೆಸರಿನಲ್ಲಿ ಅದು ಒಪ್ಪುವುದು ಇಂಗ್ಲಿಷ್ ಅಕ್ಷರ, ಅಂಕೆ, ಅಂಡರ್‌ಸ್ಕೋರ್ ಮಾತ್ರ. ಕನ್ನಡದ ಸಾಲು ಕೊಟ್ಟರೆ ಆಜ್ಞೆಯ ಹೆಸರೇ ಖಾಲಿ ಬರುತ್ತದೆ. ಆ ಅಕ್ಷರಗಳ ಪಟ್ಟಿ ಬದಲಾಯಿಸಲು ಆಗುತ್ತದೆ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಬೇರೆಯವರ ಮಾಡ್ಯೂಲನ್ನು ಬಗ್ಗಿಸುವುದಕ್ಕಿಂತ ನಾವೇ ಬರೆಯುವುದು ಸಲೀಸು.

ಪೈಥಾನ್ ಭಾಷೆಗೆ ಕನ್ನಡದ ಹೆಸರು ಅಡ್ಡಿಯಿಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಫಂಕ್ಷನ್ನಿಗೆ, ವೇರಿಯೇಬಲ್ಲಿಗೆ ಯೂನಿಕೋಡಿನ (ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ) ಯಾವ ಲಿಪಿಯಲ್ಲಿ ಬೇಕಾದರೂ ಹೆಸರಿಡಬಹುದು. ಹಾಗಾಗಿ "ಆಜ್ಞೆ_ಮೋಟಾರ್_ಶುರು", "ಆಜ್ಞೆ_ಮೋಟಾರ್_ನಿಲ್ಲಿಸು" ಅಂತಲೇ ಬರೆದೆ. ಮೆಸೇಜಿನ ಮೊದಲ ಎರಡು ಪದ ಆಜ್ಞೆ, ನಂತರದ್ದು ಅದಕ್ಕೆ ಕೊಡುವ ವಿವರ. ನಡುವಿನ ಜಾಗಕ್ಕೆ ಅಂಡರ್‌ಸ್ಕೋರ್ ಹಾಕಿ ಹುಡುಕು. ಪುಟಗಟ್ಟಲೆ ಇದ್ದ ಎಲಿಫ್ ಸರಪಳಿ ಕೆಲವೇ ಸಾಲಿಗೆ ಇಳಿಯಿತು.

ನನ್ನ ಫೋನಿನಿಂದ ಕಳಿಸಿದೆ. ರಿಲೇ ಟಕ್ ಅಂದಿತು. ಅಪ್ಪಯ್ಯನ ಫೋನಿನಿಂದ ಕಳಿಸಿದರೆ "ಅಂಥ ಆಜ್ಞೆ ಇಲ್ಲ" ಅಂತ ಉತ್ತರ.

"ನಾನು ಸರಿಯಾಗೇ ಬರ್ದಿದೀನಲ್ಲೋ," ಅಂದರು ಅಪ್ಪಯ್ಯ. ಹೌದು, ಸರಿಯಾಗಿಯೇ ಬರೆದಿದ್ದರು. ಎರಡೂ ಫೋನ್ ಪಕ್ಕಪಕ್ಕ ಹಿಡಿದು ನೋಡಿದೆ. ಒಂದಕ್ಷರದ ವ್ಯತ್ಯಾಸವೂ ಕಣ್ಣಿಗೆ ಬೀಳಲಿಲ್ಲ.

ಇಲ್ಲಿ ಮಾಡೆಮ್ಮೇ ದಾರಿ ತೋರಿಸಿತು. ಕನ್ನಡದ ಎಸ್ಸೆಮ್ಮೆಸ್ ಯುಸಿಎಸ್2 ಅನ್ನುವ ರೂಪದಲ್ಲಿ ಬರುತ್ತದೆ. ಒಂದೊಂದು ಚಿಹ್ನೆಗೆ ಎರಡು ಬೈಟ್. 140 ಬೈಟಿನ ಮೆಸೇಜಿನಲ್ಲಿ ಕನ್ನಡ 70 ಚಿಹ್ನೆಗೇ ಮುಗಿಯುವುದು ಈ ಕಾರಣಕ್ಕೆ. ಮಾಡೆಮ್ ಅದನ್ನು ಹೆಕ್ಸ್ ಅಂಕೆಗಳಾಗಿ (0ಯಿಂದ 9, ಆಮೇಲೆ ಎಯಿಂದ ಎಫ್) ಕಕ್ಕುತ್ತದೆ, ಪ್ರತಿ ಚಿಹ್ನೆಗೆ ನಾಲ್ಕು ಅಂಕೆ. ಲಾಗಿನಲ್ಲಿ ಎರಡೂ ಮೆಸೇಜಿನ ಹೆಕ್ಸ್ ಒಂದರ ಕೆಳಗೆ ಒಂದು ಇಟ್ಟೆ. ನನ್ನದರಲ್ಲಿ "ಮೋಟಾರ್" ಮುಗಿಯುವುದು 0ಸಿಬಿ0, 0ಸಿಸಿಡಿ ಅಂತ. ಅಂದರೆ ರಕಾರ, ಅದರ ಮೇಲೆ ಅರ್ಧಾಕ್ಷರದ ಗುರುತು. ಅಪ್ಪಯ್ಯನದರಲ್ಲಿ ಅದಾದ ಮೇಲೆ ಇನ್ನೊಂದು ಇತ್ತು: 200ಸಿ.

200ಸಿ ಅಂದರೆ ಜೀರೋ ವಿಡ್ತ್ ನಾನ್ ಜಾಯ್ನರ್. ಅರ್ಧಾಕ್ಷರದ ಮುಂದೆ ಇನ್ನೊಂದು ಅಕ್ಷರ ಬಂದಾಗ ಅದು ಒತ್ತಕ್ಷರವಾಗಿ ಕೆಳಗೆ ಇಳಿಯದ ಹಾಗೆ ತಡೆಯುವ ಚಿಹ್ನೆ. ಅಗಲ ಸೊನ್ನೆ, ಕಣ್ಣಿಗೆ ಕಾಣಲ್ಲ. ಅವರ ಫೋನಿನ ಕೀಬೋರ್ಡ್ ಪದ ಸೂಚಿಸುವಾಗಲೇ ಅದನ್ನು ಕೊನೆಗೆ ಸೇರಿಸುತ್ತಿತ್ತು. ನಾನು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೆ, ಹಾಗಾಗಿ ನನ್ನದರಲ್ಲಿ ಇರಲಿಲ್ಲ. ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಮಾಡಿದರೆ ಇದು ಹೋಗಲ್ಲ, ಯಾಕೆಂದರೆ ಪೈಥಾನಿನ ಲೆಕ್ಕದಲ್ಲಿ ಇದು ಖಾಲಿ ಜಾಗವೇ ಅಲ್ಲ. ಖಾಲಿ ಜಾಗ ನೋಡಿ ಪದ ಒಡೆಯುವ ಸ್ಪ್ಲಿಟ್ಟಿಗೂ ಅಷ್ಟೇ. ಫಂಕ್ಷನ್ನಿನ ಹೆಸರಿನೊಳಗೆ ಇಟ್ಟುಬಿಡೋಣ ಅಂದರೆ ಅದೂ ಆಗಲ್ಲ, ಕಾಣದ ಚಿಹ್ನೆ ಇದೆ ಅಂತ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಕೈಯಾರೆ ತೆಗೆಯಬೇಕು. ತೆಗೆಯುವ ಒಂದು ಸಾಲು ಹಾಕಿದೆ, ಅಪ್ಪಯ್ಯನ ಮೆಸೇಜಿಗೂ ರಿಲೇ ಟಕ್ ಅಂದಿತು.

ಹೀಗೆ ಒಂದು ಸಿಕ್ಕಿದ ಮೇಲೆ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಮನೆಯಲ್ಲಿ ಗೋಡೆಗೆ ಅಂಟಿಸಿದ ಆಜ್ಞೆಗಳ ಪಟ್ಟಿ ಇತ್ತು. ಅದರ ಫೈಲ್ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದ್ದು. ಮನೆಯವರು ಅದರಿಂದಲೇ ಕಾಪಿ ಮಾಡಿ ಮೆಸೇಜ್ ಕಳಿಸುತ್ತಿದ್ದರು. ಅದರ "ಮೋಟಾರ್" ಪದದ ಉದ್ದ ನೋಡಿದರೆ 8. ನಾನು ಬರೆದ "ಮೋಟಾರ್" ಉದ್ದ 6.

ಕಾರಣ ಓಕಾರ. ಯೂನಿಕೋಡಿನಲ್ಲಿ ಓಕಾರದ ಗುರುತು ಒಂದೇ ಚಿಹ್ನೆಯಾಗಿ ಇದೆ. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ಚಿಹ್ನೆ ಜೋಡಿಸಿಯೂ ಅದನ್ನೇ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸ್ಟ್ರಿಂಗಾಗಿ ಹೋಲಿಸಿದರೆ ಬೇರೆ. ಈಕಾರ, ಏಕಾರ, ಐಕಾರ, ಒಕಾರಕ್ಕೂ ಇದೇ ಪಾಡು. ಎರಡೂ ಒಂದೇ ಅಂತ ಯೂನಿಕೋಡೇ ಹೇಳುತ್ತದೆ, ಒಂದು ರೂಪಕ್ಕೆ ತರುವ ಕೆಲಸಕ್ಕೆ ನಾರ್ಮಲೈಸೇಷನ್ ಅಂತ ಹೆಸರು.

ತಮಾಷೆ ಇರುವುದು ಇಲ್ಲಿ. ಪೈಥಾನ್ ನಮ್ಮ ಫೈಲ್ ಓದುವಾಗ ಫಂಕ್ಷನ್ನಿನ ಹೆಸರುಗಳನ್ನು ತಾನೇ ಎನ್‌ಎಫ್‌ಕೆಸಿ ಅನ್ನುವ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಒಡೆದ ಓಕಾರದಲ್ಲಿ ಫಂಕ್ಷನ್ ಬರೆದು, ಕೂಡಿದ ಓಕಾರದಲ್ಲಿ ಕರೆದರೂ ಸಿಗುತ್ತದೆ. ಆದರೆ ಗೆಟ್‌ಆಟರಿಗೆ ಕೊಡುವ ಸ್ಟ್ರಿಂಗನ್ನು ಅದು ಮುಟ್ಟಲ್ಲ, ಇದ್ದ ಹಾಗೇ ಹುಡುಕುತ್ತದೆ. ಹೆಸರನ್ನು ಕೋಡಿನಲ್ಲಿ ನೇರವಾಗಿ ಬರೆದರೆ ಒಂದು ನಿಯಮ, ಸ್ಟ್ರಿಂಗಾಗಿ ಕೊಟ್ಟರೆ ಇನ್ನೊಂದು. ಇಂಗ್ಲಿಷಿನಲ್ಲೇ ಹೆಸರಿಡುವವರಿಗೆ ಇದು ಎದುರಾಗುವುದೇ ಅಪರೂಪ.

ಹಾಗಾಗಿ ಬಂದ ಮೆಸೇಜನ್ನು ಮೊದಲು ತೊಳೆಯುವ ಫಂಕ್ಷನ್ ಬರೆದೆ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಮೊದಲು. ಆಮೇಲೆ 200ಸಿ, ಅದರ ತಮ್ಮ 200ಡಿ (ಜೀರೋ ವಿಡ್ತ್ ಜಾಯ್ನರ್) ಎರಡನ್ನೂ ತೆಗೆಯುವುದು. ಎನ್‌ಎಫ್‌ಕೆಸಿ ಇವೆರಡನ್ನು ತಾನಾಗಿ ತೆಗೆಯಲ್ಲ. ಮೂರನೆಯದು ಸೊನ್ನೆಯ ಕಾಟ. "ಪಂಪು" ಅಂತ ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕೆಯ ಸೊನ್ನೆ ಕೂತಿರುವುದು ಇಂಥ ಹಳೇ ಫೈಲುಗಳಲ್ಲಿ ಸಾಮಾನ್ಯ. ನೋಡಲು ಎರಡೂ ದುಂಡಗೆ. ನಾರ್ಮಲೈಸೇಷನ್ ಇದನ್ನು ಸರಿ ಮಾಡಲ್ಲ, ಯಾಕೆಂದರೆ ಅವೆರಡೂ ನಿಜವಾಗಿಯೂ ಬೇರೆ ಚಿಹ್ನೆಗಳು. ಅಕ್ಷರ ಆದ ಕೂಡಲೇ ಸೊನ್ನೆ ಬಂದರೆ ಅನುಸ್ವಾರ ಮಾಡು, ಅಂಕೆ ಆದ ಮೇಲೆ ಬಂದರೆ ಹಾಗೇ ಬಿಡು ಅಂತ ನಿಯಮ ಹಾಕಿದೆ.

ಹಳೇ ಪ್ರೋಗ್ರಾಂ ಕೆಲವು ಆಜ್ಞೆಗಳಲ್ಲಿ ಪದ ಬೇರೆ ಮಾಡಲು, ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಳಸಿತ್ತು. "ಪದದ ಅಕ್ಷರ" ಅನ್ನುವ ಅದರ ಗುಂಪಿನಲ್ಲಿ ಕನ್ನಡದ ಸ್ವರದ ಗುರುತುಗಳು ಸೇರಲ್ಲ. "ಮೋಟಾರ್" ಕೊಟ್ಟರೆ ಮ, ಟ, ರ ಅಂತ ಮೂರು ಚೂರು ಮಾಡಿ ಕೊಡುತ್ತದೆ. "ನೀರು ಎಷ್ಟು" ಕೆಲಸ ಮಾಡದೇ ಇದ್ದಿದ್ದು ಇದಕ್ಕೇ. ಅದನ್ನು ಕಿತ್ತು ಸಾದಾ ಸ್ಪ್ಲಿಟ್ ಹಾಕಿದೆ. ಒಂದು ಸಮಾಧಾನ, ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ರಗಳೆ ಇಲ್ಲ.

ಇಷ್ಟಾದ ಮೇಲೆ ಗೆಟ್‌ಆಟರನ್ನೂ ಕೈಬಿಟ್ಟೆ. ಅದರಲ್ಲಿ ದೋಷ ಇತ್ತು ಅಂತಲ್ಲ. ಅಪ್ಪಯ್ಯ "ಮೋಟಾರ್" ಅನ್ನುತ್ತಾರೆ, ಚಿಕ್ಕಪ್ಪ "ಪಂಪು" ಅನ್ನುತ್ತಾರೆ, ಕೆಲಸಕ್ಕೆ ಬರುವವರು "ಮೋಟ್ರು" ಅಂತ ಬರೆಯುತ್ತಾರೆ. ಒಂದೇ ಕೆಲಸಕ್ಕೆ ಮೂರು ಹೆಸರಿನ ಮೂರು ಮೆಥಡ್ ಬರೆಯುವುದು ಚೆನ್ನಾಗಿರಲ್ಲ. ನಾಳೆ ನಾನು ಫಂಕ್ಷನ್ನಿನ ಹೆಸರು ಬದಲಾಯಿಸಿದರೆ ಮನೆಯವರ ಮೆಸೇಜು ಕೆಲಸ ಮಾಡದೇ ಹೋಗುವುದೂ ಸರಿಯಲ್ಲ. ಜನ ಆಡುವ ಹೆಸರು ಬೇರೆ, ಫಂಕ್ಷನ್ನಿನ ಹೆಸರು ಬೇರೆ. ಎರಡನ್ನೂ ಒಂದೇ ಮಾಡಿದರೆ ಒಂದರ ತಾಪತ್ರಯ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಬದಲಿಗೆ ಒಂದು ಡಿಕ್ಷನರಿ, ಹೆಸರು "ಪಟ್ಟಿ". ಫಂಕ್ಷನ್ನಿಗೆ ಅಂಟಿಸುವ ಚೀಟಿಯಂಥ ಒಂದು ಡೆಕೊರೇಟರ್, ಹೆಸರು "ಆಜ್ಞೆ". ಫಂಕ್ಷನ್ನಿನ ತಲೆಯ ಮೇಲೆ ಅದನ್ನು ಇಟ್ಟು ಒಳಗೆ "ಮೋಟಾರ್ ಶುರು", "ಪಂಪು ಶುರು", "ಮೋಟ್ರು ಶುರು" ಅಂತ ಬರೆದರೆ, ಪ್ರೋಗ್ರಾಂ ಏಳುವಾಗಲೇ ಮೂರೂ ಹೆಸರು ಪಟ್ಟಿಗೆ ಸೇರುತ್ತವೆ. ಸೇರಿಸುವ ಮೊದಲು ಅವೂ ಅದೇ ತೊಳೆಯುವ ಫಂಕ್ಷನ್ನಿನಲ್ಲಿ ಹಾದು ಬರುತ್ತವೆ. ಒಂದು ಹೆಸರಿಗೆ ಎರಡು ಫಂಕ್ಷನ್ ಹಕ್ಕು ಹೇಳಿದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ತೋಟದಲ್ಲಿ ಗೊತ್ತಾಗುವುದಕ್ಕಿಂತ ಮೇಜಿನ ಮೇಲೇ ಗೊತ್ತಾಗಲಿ. ರೇಷನ್ ಅಂಗಡಿಯ ಪಟ್ಟಿಯ ಹಾಗೆ ಇದು: ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಹಾಯದ ಮೆಸೇಜೂ ಈ ಪಟ್ಟಿಯಿಂದಲೇ ತಯಾರಾಗುತ್ತದೆ, ಫಂಕ್ಷನ್ನಿನೊಳಗೆ ಬರೆದ ಟಿಪ್ಪಣಿ, ಅಂದರೆ ಡಾಕ್‌ಸ್ಟ್ರಿಂಗೇ, ಅಲ್ಲಿ ವಿವರಣೆ. ಯಾರು ಕರೆಯಬಹುದು ಅನ್ನುವುದೂ ಡೆಕೊರೇಟರಿನಲ್ಲೇ ಇದೆ. ನಿಲ್ಲಿಸುವುದನ್ನು ಯಾರು ಬೇಕಾದರೂ ಮಾಡಬಹುದು. ಶುರು ಮಾಡಲು ಮನೆಯ ನಂಬರುಗಳಿಗೆ ಮಾತ್ರ ಅನುಮತಿ.

ವಿವರಗಳ ವಿಷಯದಲ್ಲಿ ಪೈಥಾನ್ ಒಂದು ಕಡೆ ಖುಷಿ ಕೊಟ್ಟಿತು. "ಮೋಟಾರ್ ಶುರು ೩೦" ಅಂದರೆ ಅರ್ಧ ಗಂಟೆ ಓಡಿಸಿ ನಿಲ್ಲಿಸು ಅಂತ. ಕನ್ನಡ ಅಂಕೆಯನ್ನು ಇಂಗ್ಲಿಷಿಗೆ ತಿರುಗಿಸುವ ಕೋಡ್ ಬರೆಯಲು ಹೊರಟಿದ್ದೆ, ಬೇಕಾಗಲಿಲ್ಲ. ಇಂಟ್ ಫಂಕ್ಷನ್ನಿಗೆ "೩೦" ಕೊಟ್ಟರೆ ನೇರವಾಗಿ 30 ಕೊಡುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಹೆಸರಿನಿಂದ ಕರೆಯುವಾಗ ಎಷ್ಟು ವಿವರ ಬರುತ್ತದೆ ಅಂತ ಮೊದಲೇ ಗೊತ್ತಿರಲ್ಲ. ಜಾಸ್ತಿ ಬಂದರೆ ಪೈಥಾನ್ ಟೈಪ್‌ಎರರ್ ಎಸೆಯುತ್ತದೆ. ಅದನ್ನು ಹಿಡಿದು "ವಿವರ ಸರಿಯಿಲ್ಲ" ಅಂತ ಉತ್ತರ ಕಳಿಸುವುದು ಹಳೇ ಪ್ರೋಗ್ರಾಮಿನ ರೀತಿ. ಆದರೆ ಫಂಕ್ಷನ್ನಿನ ಒಳಗೆ ಬೇರೆ ಯಾವುದೋ ಕಾರಣಕ್ಕೆ ಟೈಪ್‌ಎರರ್ ಬಂದರೂ ಇದೇ ಉತ್ತರ ಹೋಗುತ್ತದೆ. ರಿಲೇ ಅರ್ಧ ಕೆಲಸ ಮಾಡಿ ಬಿದ್ದಿರುತ್ತದೆ, ಇಲ್ಲಿ ಅಪ್ಪಯ್ಯ ಮೆಸೇಜು ತಿದ್ದುತ್ತಾ ಕೂತಿರುತ್ತಾರೆ. ಇನ್‌ಸ್ಪೆಕ್ಟ್ ಮಾಡ್ಯೂಲಿನಲ್ಲಿ ಸಿಗ್ನೇಚರ್ ತೆಗೆದು ಬೈಂಡ್ ಮಾಡಿ ನೋಡಬಹುದು. ಫಂಕ್ಷನ್ ಓಡಿಸದೆಯೇ ವಿವರಗಳ ಸಂಖ್ಯೆ ಕೂಡುತ್ತದಾ ಅಂತ ಹೇಳುತ್ತದೆ. ಪಟ್ಟಿಯಲ್ಲಿ ಹುಡುಕುವುದಕ್ಕೂ ಇದೇ ಮಾತು. ಹುಡುಕುವುದನ್ನು ಮಾತ್ರ ಎರರ್ ಹಿಡಿಯುವ ಟ್ರೈ ಒಳಗೆ ಇಡಬೇಕು, ಕರೆಯುವುದನ್ನು ಹೊರಗೆ.

ತಪ್ಪು ಬರೆದವರಿಗೆ ಹತ್ತಿರದ ಆಜ್ಞೆ ಸೂಚಿಸೋಣ ಅಂತ ಡಿಫ್‌ಲಿಬ್ ಹಾಕಿದೆ. ಎರಡು ಸ್ಟ್ರಿಂಗ್ ಎಷ್ಟು ಹೋಲುತ್ತವೆ ಅಂತ ಅಂಕ ಕೊಡುತ್ತದೆ, ಸುಮ್ನೆ ಬಿಟ್ಟರೆ 0.6 ದಾಟಿದ್ದೆಲ್ಲ ಹತ್ತಿರದ್ದು. ಹತ್ತಿರದ್ದನ್ನು ನಡೆಸಿಯೇ ಬಿಡಬಹುದಲ್ಲ ಅಂತ ಅಣ್ಣ ಫೋನಿನಲ್ಲಿ ಹೇಳಿದ. ನಾನು "ಮೋಟಾರ್ ನಿಲ್ಲಿಸಬೇಡ" ಅಂತ ಕೊಟ್ಟು ನೋಡಿದೆ. "ಮೋಟಾರ್ ನಿಲ್ಲಿಸು" ಜೊತೆ ಅದರ ಅಂಕ 0.875! ಕನ್ನಡದಲ್ಲಿ ಬೇಡ ಅನ್ನುವುದು ಪದದ ಬಾಲದಲ್ಲಿ ಇರುತ್ತದೆ, ತಲೆಯೆಲ್ಲ ಒಂದೇ. "ಇದನ್ನು ಹೇಳಿದಿರಾ?" ಅಂತ ಕೇಳುವುದಕ್ಕೆ ಮಾತ್ರ ಡಿಫ್‌ಲಿಬ್. ನಡೆಸುವುದು ಪೂರ್ತಿ ಹೊಂದಿದಾಗ ಮಾತ್ರ.

ಕೆಳಗಿನ ತೋಟದ ವಾಲ್ವಿಗೆ ಆರ್ಡುಯಿನೋ ಊನೋ ಅನ್ನುವ ಸಣ್ಣ ಬೋರ್ಡ್ ಕೂತಿದೆ, ಪೈ ಜೊತೆ ಅದರ ಮಾತು 865 ಮೆಗಾಹರ್ಟ್ಸ್ ಲೋರಾ ರೇಡಿಯೋದಲ್ಲಿ. ಅಲ್ಲಿ ಈ ಆಟ ನಡೆಯಲ್ಲ. ಸಿ ಭಾಷೆಯಲ್ಲಿ ಕಂಪೈಲ್ ಆಗಿ ಬೋರ್ಡಿಗೆ ಇಳಿದ ಮೇಲೆ ಫಂಕ್ಷನ್ನಿನ ಹೆಸರೇ ಉಳಿದಿರಲ್ಲ, ವಿಳಾಸ ಮಾತ್ರ. ಲಿನಕ್ಸಿನಲ್ಲಾದರೆ ಶೇರ್ಡ್ ಲೈಬ್ರರಿಯೊಳಗೆ ಹೆಸರಿನಿಂದ ಹುಡುಕುವ ಡಿಎಲ್‌ಸಿಮ್ ಇದೆ, ಊನೋದಲ್ಲಿ ಅದೂ ಇಲ್ಲ. ಹೆಸರು, ಫಂಕ್ಷನ್ ಪಾಯಿಂಟರ್ (ಫಂಕ್ಷನ್ನಿನ ವಿಳಾಸ) ಜೋಡಿಗಳ ಟೇಬಲ್ ನಾವೇ ಬರೆದುಕೊಳ್ಳಬೇಕು. ಕನ್ನಡದ ಒಂದೊಂದು ಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್, "ಮೋಟಾರ್" ಒಂದಕ್ಕೇ 18. ಊನೋದ ರ‍್ಯಾಮ್ ಇರುವುದೇ 2 ಕೆಬಿ. ಹಾಗಾಗಿ ಪೈ ಅಲ್ಲಿಗೆ ಒಂದು ಅಂಕೆ ಮಾತ್ರ ಕಳಿಸುತ್ತದೆ. ಊನೋ ಟೇಬಲ್ಲಿನ ಅಷ್ಟನೇ ಫಂಕ್ಷನ್ ಕರೆಯುತ್ತದೆ. ಅಂಕೆ ಟೇಬಲ್ಲಿನ ಉದ್ದ ಮೀರಿಲ್ಲ ಅಂತ ನೋಡಿಯೇ ಕರೆಯಬೇಕು. ಮೀರಿದರೆ ಪೈಥಾನಿನ ಹಾಗೆ ಎರರ್ ಕೊಡುವವರು ಅಲ್ಲಿ ಯಾರೂ ಇಲ್ಲ, ಬೋರ್ಡ್ ಎಲ್ಲಿಗೋ ಹಾರುತ್ತದೆ.

ವಾಲ್ವಿನ ಆಜ್ಞೆ ಸೇರಿಸಿದ್ದು ಕೊನೆಗೆ. ಒಂದು ಸಣ್ಣ ಫಂಕ್ಷನ್, ತಲೆಯ ಮೇಲೆ ಒಂದು ಡೆಕೊರೇಟರ್, ಅಷ್ಟೇ. ಸಹಾಯದ ಮೆಸೇಜಿನಲ್ಲಿ ಅದು ತಾನಾಗಿ ಬಂತು.

ಉಳಿದಿದ್ದು ತಡವಾಗಿ ಬರುವ ಮೆಸೇಜುಗಳು. ಮಳೆ ಗಾಳಿಗೆ ಸಿಗ್ನಲ್ ಹೋದರೆ ಸಂಜೆಯ "ಮೋಟಾರ್ ಶುರು" ನಡುರಾತ್ರಿ ಬಂದು ಮುಟ್ಟುತ್ತದೆ, ಪ್ರೋಗ್ರಾಂ ಪಾಪ ವಿಧೇಯವಾಗಿ ಮೋಟಾರ್ ಹಾಕುತ್ತದೆ. ಮೆಸೇಜಿನ ಜೊತೆ ಮಾಡೆಮ್ ಅದು ಹೊರಟ ಸಮಯವನ್ನೂ ಕೊಡುತ್ತದೆ. ಆ ಸಮಯದ ಕೊನೆಯಲ್ಲಿ +22 ಅಂತ ಇರುತ್ತದೆ, ಕಾಲು ಗಂಟೆಗಳ ಲೆಕ್ಕ. 22 ಕಾಲು ಗಂಟೆ ಅಂದರೆ ಐದೂವರೆ ಗಂಟೆ, ನಮ್ಮ ಭಾರತದ ಸಮಯ. ಡೆಕೊರೇಟರಿಗೆ ಇನ್ನೊಂದು ವಿವರ ಸೇರಿಸಿದೆ: ಹತ್ತು ನಿಮಿಷಕ್ಕಿಂತ ಹಳೆಯದಾದರೆ ನಡೆಸಬೇಕಾ, ಬೇಡವಾ. ಶುರುವಿಗೆ ಬೇಡ, ನಿಲ್ಲಿಸುವುದಕ್ಕೆ ಬೇಕು. ಆದರೆ ಪೈ ಒಳಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ, ಅದು ಸಮಯ ಕೇಳುವುದು ಇಂಟರ್ನೆಟ್ಟನ್ನು. ಅದಕ್ಕೆ ಡಿಎಸ್3231 ಗಡಿಯಾರದ ಸಣ್ಣ ಬೋರ್ಡನ್ನು ಐ2ಸಿ ಪಿನ್ನುಗಳಿಗೆ ಬೆಸೆದೆ. ಮಾಡೆಮ್ಮಿನ ಆಂಟೆನಾ ಬಿಚ್ಚಿಟ್ಟು ಎರಡೂ ಮೆಸೇಜ್ ಕಳಿಸಿ, ಊಟ ಮುಗಿಸಿ ಬಂದು ಮತ್ತೆ ಹಾಕಿದೆ. "ಶುರು"ವಿಗೆ "ಹಳೇ ಮೆಸೇಜು, ಬಿಟ್ಟಿದ್ದೇನೆ" ಅಂತ ಉತ್ತರ ಬಂತು. "ನಿಲ್ಲಿಸು"ವಿಗೆ ರಿಲೇ ಟಕ್ ಅಂದಿತು.